ಒಂದು ಬೀಪಿಗೆ ಇಳಿಸಿದ ಕಡ್ಡಿ

ಇವತ್ತು ಬೆಳಿಗ್ಗೆ ಅಟ್ಟದ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದೆ ನೋಡಿ, ಸಿಹಿ ವಾಸನೆಯೊಂದು ಮೂಗಿಗೆ ಬಡಿಯಿತು. ಹಲಸಿನ ಹಣ್ಣಿನದೂ ಅಲ್ಲ, ಹೆಂಗಸರ ಉಗುರುಬಣ್ಣದ್ದೂ ಅಲ್ಲ, ಎರಡರ ನಡುವಿನದು. ಒಳಗೆ ಅಂಗೈಯಗಲದ ಬ್ಯಾಟರಿಯೊಂದು ಪೂರಿಯಂತೆ ಉಬ್ಬಿ ಕೂತಿತ್ತು. ಏನೋ ಕೊಳೆತಿದೆ ಅಂದುಕೊಂಡೆ. ತೆಂಗಿನ ಸೀಮೆಯವರಿಗೆ ಅಟ್ಟದಲ್ಲಿ ಏನು ಕೆಟ್ಟರೂ ಕೊಳೆತದ್ದೇ.

ಬ್ಯಾಟರಿ ನನ್ನದಲ್ಲ, ನನ್ನ ಷಡ್ಡಕ ಚನ್ನಬಸಣ್ಣನದು. ಷಡ್ಡಕ ಎಂದರೆ ನಿಮಗೆ ಗೊತ್ತೇ ಇದೆ, ಹೆಂಡತಿಯ ಅಕ್ಕನ ಗಂಡ. ಒಂದೇ ಮಾವನ ಮನೆಯಲ್ಲಿ ಒಟ್ಟಿಗೆ ಹೋಳಿಗೆ ತಿಂದು ಒಟ್ಟಿಗೆ ಬೈಸಿಕೊಳ್ಳುವ ಸಂಬಂಧ. ತಿಪಟೂರಿನಲ್ಲಿ ಅವನದು ಕೊಬ್ಬರಿ ವ್ಯಾಪಾರ. ಅರವತ್ತರ ಹತ್ತಿರ ಬಂದಾಗ ಈ ಮನುಷ್ಯನಿಗೆ ರಿಮೋಟಿನಲ್ಲಿ ಹಾರಿಸುವ ವಿಮಾನದ ಹುಚ್ಚು ಹಿಡಿಯಿತು. ಥರ್ಮಾಕೋಲು ಕೊಯ್ದು, ಅಂಟಿಸಿ, ರೆಕ್ಕೆಗೆ ಕೆಂಪು ಬಳಿದು, ಭಾನುವಾರವೆಂದರೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಾಚೆಯ ಒಣಕೆರೆಗೆ ಹೊರಡುತ್ತಿದ್ದ. ವಿಮಾನವನ್ನು ಎದೆಗವುಚಿಕೊಂಡು ಕೂರುವುದು ನನ್ನ ಪಾಲಿನ ಕೆಲಸ. ದಾರಿಯಲ್ಲಿ ಸಿಕ್ಕವರೆಲ್ಲ ನನ್ನನ್ನೇ ನೋಡಿ ನಗುತ್ತಿದ್ದರು, ಅವನನ್ನಲ್ಲ.

ಮೊದಲನೆಯ ವಿಮಾನ ಬಿದ್ದು ಮುರಿಯಿತು. ಅಷ್ಟರಲ್ಲಿ ಅವನ ಬಲಗೈ ಸಣ್ಣಗೆ ನಡುಗಲು ಶುರುವಾಗಿತ್ತು. ನಮ್ಮ ಗೌರಕ್ಕ, ಅವನ ಹೆಂಡತಿ, ಕಂಡದ್ದನ್ನು ಕಂಡ ಹಾಗೆ ಆಡುವವಳು. "ಕೈ ನಡುಗ್ತೈತೆ, ಬುಟ್ಬುಡಿ ಇನ್ನ ಈ ಆಟ್ವ" ಎಂದಳು. ಚನ್ನಬಸಣ್ಣನಿಗೆ ರೇಗಿತು. "ಇನ್ನೊಂದು ಮಾಡ್ತೀನಿ. ಅದೂ ಬಿದ್ರೆ ನನ್ ಕೈ ಹೋಯ್ತು ಅಂತ ಒಪ್ಕತೀನಿ, ಸ್ಕೂಟರ್ರೂ ಮುಟ್ಟಲ್ಲ" ಎಂದು ನನ್ನೆದುರೇ ಆಣೆಯಿಟ್ಟ. ಆಮೇಲೆ ಮೂರು ತಿಂಗಳು ಕೂತು ಎರಡನೆಯದನ್ನು ಮಾಡಿದ.

ಅದಕ್ಕೆ ಹೊಸದೊಂದು ಪೆಟ್ಟಿಗೆ ಬಂದಿತ್ತು, ಬೆಂಕಿಪೊಟ್ಟಣದಷ್ಟು. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹಂಚುವುದು ಅದೇ, ಬ್ಯಾಟರಿ ಎಷ್ಟು ವೋಲ್ಟಿಗೆ ಇಳಿದಾಗ ಮೋಟಾರು ನಿಲ್ಲಬೇಕು ಎನ್ನುವುದೂ ಅದರ ಲೆಕ್ಕವೇ. ಜೊತೆಗೆ ಇಂಗ್ಲಿಷಿನ ಒಂದು ಚೀಟಿ. ಚೀಟಿ ನನ್ನ ಕೈಗೆ ಬಂತು. ನಾನು ಕಾಲೇಜಿನ ಲೈಬ್ರರಿಯಲ್ಲಿ ಗುಮಾಸ್ತ. ಪುಸ್ತಕ ಎತ್ತಿಕೊಡುವವನು ಅವನ್ನೆಲ್ಲ ಓದಿರಲೇಬೇಕೆಂದು ನಮ್ಮ ನೆಂಟರ ನಂಬಿಕೆ. ಆ ನಂಬಿಕೆಯನ್ನು ನಾನೂ ಕೆಡಿಸಲು ಹೋಗಿಲ್ಲ.

ರಿಮೋಟಿನ ಕಡ್ಡಿಯನ್ನು ಮೇಲಕ್ಕೆ ತಳ್ಳಿ ಬ್ಯಾಟರಿ ಸಿಕ್ಕಿಸಿದರೆ ಪೆಟ್ಟಿಗೆ ಬೀಪು ಬೀಪು ಅನ್ನುತ್ತದೆ. ಬೇಕಾದ ಎಣಿಕೆಗೆ ಕಡ್ಡಿ ಇಳಿಸಬೇಕು. ಒಂದು ಬೀಪಿಗೆ ಕಟ್‌ಆಫೇ ಇಲ್ಲ, ಅಂದರೆ ಬ್ಯಾಟರಿ ಬರಿದಾಗುವ ತನಕ ಮೋಟಾರು ನಿಲ್ಲುವುದಿಲ್ಲ; ಎರಡಕ್ಕೆ ಕಡಿಮೆ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಹೆಚ್ಚು. ಇಷ್ಟು ತಿಳಿಯಿತು. ಆದರೆ ಹೆಚ್ಚು ಒಳ್ಳೆಯದೋ ಕಡಿಮೆ ಒಳ್ಳೆಯದೋ? ಹೆಚ್ಚಿಗೆ ಇಟ್ಟರೆ ಬೇಗ ನಿಲ್ಲುವುದಂತೆ. ಬೇಗ ನಿಲ್ಲುವುದು ಯಾರಿಗೆ ಬೇಕು ಸ್ವಾಮಿ? ಕೆಳಗೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆಯೊಂದಿತ್ತು. ನಾಲ್ಕು ಸಲ ಓದಿದೆ. ಒಂದೊಂದು ಸಲಕ್ಕೂ ಒಂದೊಂದು ಅರ್ಥ ಕೊಟ್ಟಿತು.

ಚನ್ನಬಸಣ್ಣನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಅಟ್ಟದಲ್ಲಿ ವರ್ಷ ಕಾಲ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿದೆಯೋ ಕೊಬ್ಬರಿಯಾಗಿದೆಯೋ ಹೇಳುವವನು ಅವನು. ಬ್ಯಾಟರಿಯನ್ನೂ ಹಾಗೇ ಕಿವಿಗೆ ಹಿಡಿದು ಅಲ್ಲಾಡಿಸಿದ. "ಒಂದ್ ತೊಟ್ಟು ನೀರು ಉಳುದ್ರೂ ಕೊಬ್ರಿ ಕೊಳೀತದೆ ಕಣಯ್ಯ. ಇದೂ ಅಷ್ಟೇಯ, ಪೂರ್ತಿ ಆರುಸ್ಬುಟ್ಟು ಮಡಗ್ಬೇಕು. ಕಟ್ಟುಗಿಟ್ಟು ಏನೂ ಬ್ಯಾಡ, ಒಂದಕ್ಕೇ ಇಳ್ಸು" ಎಂದ. ಇಳಿಸುವ ಮೊದಲು ನನ್ನ ಮುಖ ನೋಡಿದ. "ನೀನು ಓದ್ದೋನು. ಸರಿ ತಾನೆ?"

"ಸರಿ ಕಣಣ್ಣ. ಅಂಗೇ ಬರ್ದವ್ರೆ" ಎಂದೆ.

ಹಾಗೆ ಬರೆದಿರಲಿಲ್ಲ. ಏನು ಬರೆದಿತ್ತೋ ಅದೂ ನನಗೆ ಗೊತ್ತಿರಲಿಲ್ಲ.

ವಿಮಾನ ಏನು ಚೆಂದ ಹಾರಿತು ಅಂತೀರಿ! ಕೆರೆಯಂಗಳ ದಾಟಿ ತೋಟದ ಮೇಲೆ ಹೋಗಿ ತಿರುಗಿ ಬಂತು, ಮತ್ತೆ ಹೋಯಿತು. ಇದ್ದಕ್ಕಿದ್ದಂತೆ ಮೋಟಾರಿನ ಸದ್ದು ಸೊರಗಿತು. ಚನ್ನಬಸಣ್ಣ ಕಡ್ಡಿಯನ್ನು ಎಡಕ್ಕೆ ಎಳೆದ, ಬಲಕ್ಕೆ ಎಳೆದ. ವಿಮಾನ ಮಾತು ಕೇಳಲಿಲ್ಲ. ತೆಂಗಿನ ಗರಿಗಳೊಳಗೆ ತಲೆಕೆಳಗಾಗಿ ನುಗ್ಗಿತು. ಅವನು ತನ್ನ ಬಲಗೈಯನ್ನೇ ನೋಡುತ್ತ ನಿಂತುಬಿಟ್ಟ. ಬರುವಾಗ ಸ್ಕೂಟರನ್ನು ನಾನು ಓಡಿಸಿದೆ. ಬ್ಯಾಟರಿಯನ್ನು ನನ್ನ ಕೈಗಿಟ್ಟು, "ನಮ್ಮನೇಲಿದ್ರೆ ಆಸೆಯಾಯ್ತದೆ, ನೀನೇ ಮಡಿಕ್ಕೊ" ಎಂದ.

ಇದಾಗಿ ನಾಲ್ಕು ವರ್ಷ. ಅಂದಿನಿಂದ ಅವನು ಸ್ಕೂಟರು ಮುಟ್ಟಿಲ್ಲ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ.

ಉಬ್ಬಿದ ಬ್ಯಾಟರಿಯನ್ನು ಮೊಬೈಲ್ ರಿಪೇರಿಯ ಅಂಗಡಿಗೆ ಒಯ್ದೆ. ಅಂಗಡಿಯಾತ ಹೌಹಾರಿ ಅದನ್ನು ಹೊರಗೆ ಮರಳಿನ ಬಕೀಟಿಗೆ ಹಾಕಿಸಿದ. "ಇದನ್ನ ಅಟ್ಟದಾಗೆ ಮಡಗಿದ್ರಾ ಸಾರ್? ಮನೆ ಸುಟ್ಟೋಗೋದು! ಪೂರ್ತಿ ಎಳ್ದು ಸಾಯಿಸ್ಬುಟ್ಟವ್ರೆ ಇದನ್ನ." ಒಳಗೆ ಮೂರು ಕೋಶವಂತೆ. ಒಂದೊಂದನ್ನೂ ಮೂರು ವೋಲ್ಟಿಗಿಂತ ಕೆಳಗೆ ಇಳಿಸಬಾರದು, ಮೂರೂಕಾಲರ ಹತ್ತಿರ ನಿಲ್ಲಿಸಿದರೆ ಕ್ಷೇಮ. ವಿಮಾನ ಬಿದ್ದ ಕತೆಯನ್ನೂ ಹೇಳಿದೆ. "ಮೋಟಾರ್ ನಿಂತ್ರೂ ರಿಮೋಟಿನ ಮಾತು ಕೇಳಿ ರೆಕ್ಕೆ ತಿರುಗ್ಸೋಕೆ ಒಸಿ ಕರೆಂಟು ಉಳೀಬೇಕಲ್ವಾ ಸಾರ್? ಅದೂ ಇಲ್ದಿದ್ರೆ ಯಾರ್ ಕೈಯಾದ್ರೂ ಏನ್ ಮಾಡ್ತದೆ?" ಎಂದ.

ಯಾರ ಕೈಯಾದರೂ! ಅಲ್ಲಿಂದ ನೆಟ್ಟಗೆ ಚನ್ನಬಸಣ್ಣನ ಮನೆಗೇ ಹೋದೆ. ಗೌರಕ್ಕ ಕಾಫಿ ತಂದಿಟ್ಟಳು. ಎಲ್ಲವನ್ನೂ ಹೇಳಿದೆ, ಚೀಟಿ ನನಗೆ ಅರ್ಥವೇ ಆಗಿರಲಿಲ್ಲ ಎಂಬುದನ್ನೂ.

ಚನ್ನಬಸಣ್ಣ ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಅಂಗಾದ್ರೆ ಕೈಯಲ್ವಾ?" ಎಂದ.

"ಕೈಯಲ್ಲ ಕಣಣ್ಣ."

ಬಲಗೈ ಒಂದನ್ನೇ ಚಾಚಿ ಲೋಟ ಎತ್ತಿದ. ಲೋಟ ನಡುಗಿತು, ಕಾಫಿ ಪಂಚೆಯ ಮೇಲೆ ತುಳುಕಿತು. ಗೌರಕ್ಕ ಹಿಡಿಯಲು ಬಂದಳು. ಅವನು ಬಿಡಲಿಲ್ಲ, ಉಳಿದದ್ದನ್ನು ಕುಡಿದು ಕೆಳಗಿಟ್ಟ.

"ಕೈನೂ ಒಸಿ ನಡುಗ್ತದೆ ಬುಡು" ಎಂದ. "ಆದ್ರೆ ಅವತ್ತು ಬೀಳ್ಸಿದ್ದು ನೀನು. ಸ್ಕೂಟರ್ ಕೀ ಎಲ್ಲಿ ಮಡಗಿದ್ಯೇ, ಗೌರಿ?"