ಸಿಮೆಂಟಿನ ನೀಲಾ

ಆ ದಿನಗಳಲ್ಲಿ ನಮಗೆ ಬೇಸಿಗೆ ರಜೆ ಅಂದರೆ ದೊಡ್ಡಪ್ಪನ ಟೆಂಪೋ. ವರ್ಷವಿಡೀ ಸವಣೂರಿನ ತೋಟಗಳಿಂದ ವೀಳ್ಯದೆಲೆ ಸಾಗಿಸುತ್ತಿದ್ದ ಆ ಗಾಡಿಯನ್ನು ಮೇ ತಿಂಗಳಲ್ಲಿ ಎಂಟು ದಿನದ ತಿರುಗಾಟಕ್ಕೆಂದು ಚಿಕ್ಕೇರೂರಿನ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, ತೊಳೆದು, ಒಳಗೆ ಮೇಲೊಂದು ಕೆಳಗೊಂದು ಹಲಗೆ ಬಡಿದು ಮಲಗಲು ಜಾಗ ಮಾಡುತ್ತಿದ್ದರು. ಒಂದು ಸ್ಟೋವ್, ನೀರಿನ ಕ್ಯಾನು, ಖಡಕ್ ರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿಯ ಡಬ್ಬಿ, ಆರು ಜನ. ಎಷ್ಟು ತೊಳೆದರೂ ಎಲೆಯ ಹಸಿ ವಾಸನೆ ಹೋಗುತ್ತಿರಲಿಲ್ಲ. ದೊಡ್ಡಪ್ಪ ಅದಕ್ಕೆ ‘ಮನಿಗಾಡಿ’ ಎಂದು ಹೆಸರಿಟ್ಟಿದ್ದ. ಈಗಿನವರು ಅದನ್ನೇ ಕ್ಯಾರವಾನ್ ಎಂದು ಕರೆದು ಲಕ್ಷಗಟ್ಟಲೆ ಸುರಿಯುತ್ತಾರಂತೆ.

ಈ ಸುಖವನ್ನೆಲ್ಲ ಹಾಳು ಮಾಡಲು ನೀಲಾ ಇದ್ದಳು. ದೊಡ್ಡಪ್ಪನ ಮಗಳು, ನನಗಿಂತ ಒಂದೇ ವರ್ಷಕ್ಕೆ ದೊಡ್ಡವಳು. ಅಕ್ಕ ಅನ್ನು ಎಂದು ಅವ್ವ ಎಷ್ಟು ಬೈದರೂ ನಾನು ಅನ್ನಲಿಲ್ಲ. ದೊಡ್ಡಪ್ಪನ ಪಕ್ಕದ ಕಿಟಕಿ ಸೀಟು ಅವಳದು. ಮೇಲಿನ ಹಲಗೆಯೂ ಅವಳದೇ. ನಾನು ಹಿಂದೆ, ವಾಂತಿ ಬಂದರೆ ಮೂಸಲು ಕೈಯಲ್ಲೊಂದು ಲಿಂಬೆಹಣ್ಣು. ಹಾನಗಲ್ಲಿನ ಗುಡಿಯ ಮುಂದೆ ಯಾರೋ ಹೆಂಗಸು ನನ್ನನ್ನು ಆಚೆ ಸರಿಸಿ, ನೀಲಾಳ ಮೊಣಕಾಲುದ್ದದ ಜಡೆ ಹಿಡಿದು, “ಯಾರ ಮಗಳವಾ ನೀ, ಗೊಂಬಿ ಇದ್ದಂಗ ಅದೀ” ಅಂದಳು. ನನ್ನ ತಲೆಯಲ್ಲಿ ಹೇನಾಗಿವೆಯೆಂದು ಅದರ ಹಿಂದಿನ ವಾರವಷ್ಟೇ ಕೂದಲು ಕತ್ತರಿಸಿದ್ದರು. ಆ ಜಡೆಯನ್ನು ಟೆಂಪೋದ ಬಾಗಿಲಿಗೆ ಸಿಕ್ಕಿಸಿಬಿಡಬೇಕು ಎಂದು ನಾನು ಅವತ್ತೇ ಅಂದುಕೊಂಡಿದ್ದೆ.

ನನ್ನ ಮೂರನೆಯ ಇಯತ್ತೆ ಮುಗಿದ ಬೇಸಿಗೆ ಅದು. ಸವಣೂರಿನಲ್ಲಿ ದೊಡ್ಡವ್ವ ಆ ಊರಿನ ಹೆಸರುವಾಸಿ ಕುರುಕಲು ತಿಂಡಿ ಖಾರಾ ಎರಡು ಕಿಲೋ ಕೊಂಡು, ಹಾದಿಗೆ ಬೇಕೆಂದು ಡಬ್ಬಿಗೆ ಹಾಕಿಟ್ಟಳು. ನಾನು ಒಂದು ಮುಷ್ಟಿ ಕದ್ದು ಫ್ರಾಕಿನ ಕಿಸೆಗೆ ತುಂಬಿಕೊಂಡೆ. ಶಿಗ್ಗಾಂವಿ ದಾಟಿ ತಡಸದ ಕಡೆಗೆ ಹೋಗುವ ಹಾದಿಯಲ್ಲಿ ಒಂದು ಸಾಗವಾನಿ ಕಾಡು. ಅದರೊಳಗಿನ ಕಾಲುದಾರಿಯ ಎರಡೂ ಬದಿಗೆ ಸಿಮೆಂಟಿನ ಮನುಷ್ಯರನ್ನು ಮಾಡಿ ನಿಲ್ಲಿಸಿದ್ದಾರೆಂದು ಯಾರೋ ಹೇಳಿದ್ದರು. ಅಲ್ಲೇ ಹುಣಸೆ ಮರದ ಕೆಳಗೆ ಮನಿಗಾಡಿ ನಿಂತಿತು.

ಒಣಗಿದ ಎಲೆಗಳ ಮೇಲೆ ಚರಪರ ನಡೆಯುತ್ತ ಹೋದೆವು. ಬೀಸುವ ಹೆಂಗಸು, ಕ್ಷೌರ ಮಾಡಿಸಿಕೊಳ್ಳುವ ಗೌಡ, ಕುಸ್ತಿ ಹಿಡಿದ ಇಬ್ಬರು, ಒಬ್ಬರ ಹಿಂದೆ ಒಬ್ಬರು ಗಿಡಗಳ ಮರೆಯಿಂದ ಕಾಣಿಸಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಕುಳಿತ ಮುದುಕನಿಗೆ ಅಪ್ಪ “ಶರಣ್ರೀ” ಎಂದು ಕೈಮುಗಿದು, ಆತ ಸಿಮೆಂಟಿನವನೆಂದು ಗೊತ್ತಾಗಿ, ನಾವೆಲ್ಲ ನಕ್ಕಿದ್ದಕ್ಕೆ ತಾನೂ ನಕ್ಕ. ದಾರಿಯ ಕೊನೆಗೆ ಹಂಚಿನ ಮನೆಯೊಂದರಲ್ಲಿ ಮ್ಯೂಸಿಯಂ. ಕೂರಿಗೆ, ಒನಕೆ, ಲಾಟೀನು, ಕೌದಿ.

“ಇವೆಲ್ಲಾ ನಮ್ಮ ಮನ್ಯಾಗ ಇನ್ನೂ ಅದಾವಲ್ಲ. ಇದಕ್ಕ ಟಿಕೀಟು ಯಾಕ?” ಎಂದಳು ಅವ್ವ.

ಮ್ಯೂಸಿಯಂ ಹಿಂದಿನ ಚಪ್ಪರದಲ್ಲಿ ಮೂರ್ತಿ ಮಾಡುವ ಮಾಸ್ತರು ಇದ್ದರು. ಮೈಯೆಲ್ಲ ಬಿಳಿ ಪುಡಿ. ಇಲ್ಲಿರುವ ಮುಖಗಳೆಲ್ಲ ಸುತ್ತಲಿನ ಹಳ್ಳಿಯ ಬದುಕಿರುವ ಜನರದೇ, ಮುಖದ ಮೇಲೆ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆಯುತ್ತೇವೆ ಎಂದು ತೋರಿಸಿದರು. ಆಮೇಲೆ ನಮ್ಮಿಬ್ಬರನ್ನು ನೋಡಿ, “ಕಲ್ಲಾಟ ಆಡೋ ಹುಡುಗಿ ಒಂದು ಮಾಡೂದೈತ್ರಿ. ಮಾರಿ ಇನ್ನೂ ಸಿಕ್ಕಿಲ್ಲ” ಅಂದರು.

ಐದು ಕಲ್ಲಿನ ಆಟದಲ್ಲಿ ಚಿಕ್ಕೇರೂರಿನಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ನೀಲಾಗೆ ಮೂರನೆಯ ಕಲ್ಲು ಹಿಡಿಯಲೂ ಬರುತ್ತಿರಲಿಲ್ಲ. ನಾನು ಒಂದು ಹೆಜ್ಜೆ ಮುಂದೆ ಬಂದು ಗಲ್ಲ ಎತ್ತಿ ನಿಂತೆ. ಮಾಸ್ತರು ನನ್ನನ್ನು ನೋಡಿದರು, ಅವಳನ್ನು ನೋಡಿದರು.

“ಈಕಿ ಒಂದು ಕಡೆ ನಿಂದ್ರವಲ್ಲಳು. ಆಕಿನ್ನ ಕುಂದ್ರಸ್ರಿ.”

ಅವ್ವ ಕೂಡ, ನನ್ನ ಹೆತ್ತ ಅವ್ವ ಕೂಡ, “ಹೌದ್ರಿ, ನೀಲಾನ ಮಾರೀನ ಛಲೋ” ಅಂದಳು. ಆ ಮಾತಿಗೆ ನಾನು ಅವಳನ್ನು ಬಹಳ ದಿನ ಕ್ಷಮಿಸಲಿಲ್ಲ.

ನೀಲಾಳನ್ನು ಚಾಪೆಯ ಮೇಲೆ ಮಲಗಿಸಿ, ಕೂದಲಿಗೆ ಬಟ್ಟೆ ಕಟ್ಟಿ, ಮುಖಕ್ಕೆ ಎಣ್ಣೆ ಸವರಿ, ಮೂಗಿನ ಹೊಳ್ಳೆಗಳನ್ನಷ್ಟೇ ಬಿಟ್ಟು ಪ್ಲಾಸ್ಟರ್ ಮೆತ್ತಿದರು. “ಅಲುಗಾಡಬ್ಯಾಡವಾ. ಅಲುಗಾಡಿದ್ರ ಅಚ್ಚು ಕೆಡತೈತಿ” ಎಂದು ಹೇಳಿ ಮಾಸ್ತರು ಕೈ ತೊಳೆಯಲು ಹೋದರು. ಹಿರಿಯರು ಚಹಾ ಕುಡಿಯಲು ಚಪ್ಪರದ ಆಚೆ ಕುಳಿತರು. ಉಳಿದವರು ನಾವಿಬ್ಬರೇ. ಆ ಮುಖ ಕಾಡಿನಲ್ಲಿ ಶಾಶ್ವತವಾಗಿ ನಿಲ್ಲುತ್ತದೆ, ಜನ ನೋಡಲು ಬರುತ್ತಾರೆ, ನಾನು ಮಾತ್ರ ಹೇನಿನ ತಲೆ ಹೊತ್ತು ಊರಿಗೆ ಹೋಗುತ್ತೇನೆ. ಬಾಯಲ್ಲಿ ಖಾರಾ ಜಗಿಯುತ್ತ, ಒಂದು ಹುಲ್ಲಿನ ಕಡ್ಡಿ ಕಿತ್ತುಕೊಂಡೆ. ಅವಳ ಮೇಲೆ ಬಗ್ಗಿ ಕಿವಿಯ ಹಿಂದೆ ಮೆಲ್ಲಗೆ ಆಡಿಸಿದೆ. ಪ್ಲಾಸ್ಟರಿನ ಕೆಳಗೆ ಏನೋ ಕದಲಿತು. ಕಡ್ಡಿ ಎಸೆದು ಓಡಿಹೋಗಿ ಅವ್ವನ ಪಕ್ಕ ಕುಳಿತೆ.

ಅಚ್ಚು ಬಿಡಿಸಿದಾಗ ಬಾಯಿಯ ಎಡತುದಿ ಮೇಲೆದ್ದಿತ್ತು. ಮಾಸ್ತರ ಮುಖ ಸಣ್ಣದಾಯಿತು. “ಯಾಕವಾ, ಅಲುಗಾಡಿದಿ?”

“ಇರಿವಿ ಹರಿದಾಡಿತ್ರಿ” ಅಂದಳು ನೀಲಾ, ಕಣ್ಣಿಗೆ ಅಂಟಿದ ಪುಡಿ ಒರೆಸಿಕೊಳ್ಳುತ್ತ.

ಗೆದ್ದೆ ಅಂದುಕೊಂಡೆ. ಮಾಸ್ತರು ಅಚ್ಚನ್ನು ಬಿಸಿಲಿಗೆ ಹಿಡಿದು ಆಕಡೆ ಈಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. “ಇರಲಿ ಬಿಡ್ರಿ. ನಕ್ಕಂಗ ಬಂದೈತಿ” ಅಂದರು. ಅವತ್ತು ರಾತ್ರಿ ನೀಲಾ, ಕೇಳದೆಯೇ, ಮೇಲಿನ ಹಲಗೆ ನನಗೆ ಬಿಟ್ಟುಕೊಟ್ಟಳು. ಮೂರ್ತಿಯಾದವಳ ದೊಡ್ಡಸ್ತಿಕೆ ಎಂದು ಹಲ್ಲು ಕಡಿಯುತ್ತ ಹತ್ತಿ ಮಲಗಿದೆ.

ಮರುವರ್ಷ ಹೋದಾಗ ಕಲ್ಲಾಟದ ಹುಡುಗಿ ದಾರಿಯ ತಿರುವಿನಲ್ಲಿ ಕುಳಿತಿದ್ದಳು. ಉಳಿದ ಮೂರ್ತಿಗಳನ್ನೆಲ್ಲ ಬಿಟ್ಟು ಜನ ಅವಳ ಮುಂದೆ ಗುಂಪುಗೂಡಿದ್ದರು. “ನಗು ನೋಡ್ರಿ, ನಗು” ಎನ್ನುತ್ತಿದ್ದರು. ನಾನು ಕೆಡಿಸಲು ಮಾಡಿದ್ದೇ ಅವಳಿಗೆ ಒಡವೆಯಾಗಿತ್ತು. ಆ ನಗು ನನ್ನದು ಎಂದು ಕೂಗಬೇಕೆನಿಸಿತು, ಕೂಗುವ ಹಾಗಿರಲಿಲ್ಲ. ಅಚ್ಚನ್ನು ಮ್ಯೂಸಿಯಂನಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ಯಾರೂ ಇಲ್ಲದಾಗ ಅದರ ಗುಳಿಯೊಳಗೆ ನನ್ನ ಮುಖ ಇಟ್ಟು ನೋಡಿದೆ. ಮೂಗು ಒಳಗೆ ಹೋಗಲಿಲ್ಲ.

ದೊಡ್ಡಪ್ಪ ಮುಂದೆ ಟೆಂಪೋ ಮಾರಿದ. ನಾನು ಮದುವೆಯಾಗಿ ಹಿರೇಕೆರೂರಿಗೆ ಬಂದೆ. ನೀಲಾ ಹಾನಗಲ್ಲಿನಲ್ಲಿ ಅಂಗನವಾಡಿ ಟೀಚರು. ಮದುವೆ ಮುಂಜಿಯಲ್ಲಿ ಸಿಕ್ಕಾಗ ಪರಸ್ಪರರ ಸೀರೆ ನೋಡುತ್ತೇವೆ, ಅವಳದೇ ಚೆನ್ನಾಗಿರುತ್ತದೆ.

ಹೋದ ಬೇಸಿಗೆಯಲ್ಲಿ ಮಗಳಿಗೆ ತೋರಿಸಲೆಂದು ಆ ಕಾಡಿಗೆ ಹೋದೆ. ವರ್ಷವರ್ಷವೂ ಬಣ್ಣ ಬಳಿದು ಬಳಿದು ಕಲ್ಲಾಟದ ಹುಡುಗಿಯ ತುಟಿ ನೆಟ್ಟಗಾಗಿತ್ತು. ನಗು ಬಣ್ಣದೊಳಗೆ ಮುಚ್ಚಿಹೋಗಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮ್ಯೂಸಿಯಂಗೆ ಓಡಿದೆ. ಅಚ್ಚು ಅಲ್ಲೇ ಇತ್ತು, ಈಗ ಗಾಜಿನೊಳಗೆ, ಎಡತುದಿ ಮೇಲೆದ್ದ ಹಾಗೆಯೇ. ಮೊಬೈಲಿನಲ್ಲಿ ಫೋಟೋ ತೆಗೆದು ನೀಲಾಗೆ ಕಳಿಸಿದೆ. ಕೆಳಗೆ ಬರೆದೆ: ‘ಅಕ್ಕಾ, ಅವತ್ತು ಇರಿವಿ ಅಲ್ಲ, ನಾನು.’

ಅಕ್ಕ ಎಂಬ ಪದವನ್ನು ಬರೆದದ್ದು ಅದೇ ಮೊದಲು. ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ.

‘ಗೊತ್ತಿತ್ತು ಬಿಡು. ಇರಿವಿ ಎಲ್ಲೆರ ಸವಣೂರ ಖಾರಾ ತಿಂತೈತೇನು? ಘಮ್ಮಂತ ಮೂಗಿಗೆ ಬಡದಿತ್ತು.’

ಗಾಜಿನ ಮುಂದೆ ನಿಂತೇ ಇದ್ದೆ. ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು: ಇಷ್ಟು ವರ್ಷ ಒಂದು ಮಾತೂ ಆಡದೆ ಇದ್ದಳಲ್ಲ, ಇದರಲ್ಲೂ ಅವಳೇ ಮುಂದೆ. ಆಮೇಲೆ, ಅವತ್ತು ರಾತ್ರಿ ಎಲ್ಲ ಗೊತ್ತಿದ್ದೂ ಅವಳು ಬಿಟ್ಟುಕೊಟ್ಟ ಮೇಲಿನ ಹಲಗೆ ನೆನಪಾಯಿತು. ಕಣ್ಣು ಮುಚ್ಚಿಕೊಂಡಿದ್ದರೂ ಉಸಿರಿನಿಂದಲೇ ನನ್ನ ಗುರುತು ಹಿಡಿಯುವವಳು ಒಬ್ಬಳಿದ್ದಳು. ಈಗ ಹಾನಗಲ್ಲಿಗೆ ಬೇಕಾದಷ್ಟು ಬಸ್ಸುಗಳಿವೆ, ಕೈಯಲ್ಲಿ ಫೋನಿದೆ. ನಾವಿಬ್ಬರೂ ಅಷ್ಟು ಹತ್ತಿರ ಮುಖ ತಂದು ಎಷ್ಟು ವರ್ಷವಾಯಿತೆಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.