ಮೂರನೇ ಗಂಟೆಗೆ ಹೇಳು

ಅಕ್ಕನ ತಲೆಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ, ಬೆರಳಗಲದ ಒಂದು ದಾರಿ ಇತ್ತು. ಅಲ್ಲಿ ಕೂದಲು ತೆಳ್ಳಗಾಗಿ ಚರ್ಮ ಕಾಣುತ್ತಿತ್ತು. ಬೈತಲೆ ಉದ್ದಕ್ಕೆ ಹೋದರೆ ಈ ದಾರಿ ಅಡ್ಡಕ್ಕೆ ಹೋಗಿ, ಎರಡೂ ನೆತ್ತಿಯ ಮೇಲೆ ಕೂಡುತ್ತಿದ್ದವು. ಹದಿನೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದಾಗ ಹೆಡ್‌ಸೆಟ್ಟಿನ ಪಟ್ಟಿ ಕೂತು ಕೂತು ಮಾಡಿದ ದಾರಿ ಅದು. ಹೊಸಬರು ಅದನ್ನೇ ನೋಡುತ್ತಿದ್ದರೆ ಅಕ್ಕ, "ನೋಡ್ಕೊಳ್ರೇ, ಬೆಂಗಳೂರಿಂದ ಬೊಂಬಾಯಿಗೆ ಹೋಗೋ ಲೈನು ಇದೇ" ಅನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಪೀಣ್ಯದ ಒಂದು ಶೆಡ್ಡಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ರಾಜಗೋಪಾಲನಗರದಿಂದ ನಡೆದೇ ಕೆಲಸಕ್ಕೆ ಹೋಗುತ್ತಿದ್ದೆ. ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಬಂದಿದ್ದ ಇಂಜಿನಿಯರ್ ಸಾರ್ ಆ ಶೆಡ್ಡಿನ ಯಜಮಾನರು. ಹೊಟ್ಟೆಪಾಡಿಗೆ ಟ್ರಾನ್ಸ್‌ಫಾರ್ಮರ್ ಮಾಡುತ್ತಿದ್ದರು, ಆಸೆಗೆ ಹೆಡ್‌ಫೋನ್. ಹೊರದೇಶದ ಒಳ್ಳೆಯ ಹೆಡ್‌ಫೋನ್ ತರಿಸಬೇಕಾದರೆ ಪರವಾನಗಿಗೆ ಅಲೆಯಬೇಕಿದ್ದ ಕಾಲ. ಅಂಥದ್ದನ್ನೇ ಇಲ್ಲಿ ಮಾಡಿ ತೋರಿಸುತ್ತೇನೆ ಎಂಬುದು ಅವರ ಹಟ. ಹೆಡ್‌ಫೋನ್ ವಿಭಾಗದಲ್ಲಿ ನಾವು ಆರು ಜನ ಹೆಂಗಸರು. ಮಾಡಿದ್ದನ್ನೆಲ್ಲ ಪರೀಕ್ಷೆ ಮಾಡಿ ಸಹಿ ಹಾಕುವವರು ಅಕ್ಕ.

ಅವರ ಪರೀಕ್ಷೆ ಮೀಟರಿನ ಪರೀಕ್ಷೆ ಮುಗಿದ ಮೇಲೆ ಶುರುವಾಗುತ್ತಿತ್ತು. ಮೊದಲು ಹೆಡ್‌ಫೋನನ್ನು ಮೇಜಿನ ಎತ್ತರದಿಂದ ಸಿಮೆಂಟು ನೆಲಕ್ಕೆ ಬೀಳಿಸುತ್ತಿದ್ದರು. ನಾವು "ಅಯ್ಯೋ" ಅಂದರೆ, "ಕೊಂಡೋರು ಪೂಜೆ ಮಾಡಿ ಇಟ್ಕೋತಾರೇನೇ? ಬೀಳಿಸ್ತಾರೆ" ಅನ್ನುತ್ತಿದ್ದರು. ವೈರನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿ ಎದ್ದು ನಿಲ್ಲುತ್ತಿದ್ದರು. ಆಮೇಲೆ ಕನ್ನಡಕ ತೆಗೆಯದೆಯೇ ತಲೆಗೆ ಹಾಕಿಕೊಂಡು ತಮ್ಮ ಪಾಡಿಗೆ ಪರೀಕ್ಷೆಯ ಕಾರ್ಡು ಬರೆಯುತ್ತಾ ಕೂರುತ್ತಿದ್ದರು. ಅರ್ಧ ಗಂಟೆಗೇ ಇಂಜಿನಿಯರ್ ಸಾರ್ ಬಂದು, "ಹೇಗಿದೆ ಮೇಡಂ?" ಅಂದರೆ ಒಂದೇ ಉತ್ತರ.

"ಮೊದಲನೇ ಗಂಟೇಲಿ ಎಲ್ಲಾ ಚೆನ್ನಾಗೇ ಇರುತ್ತೆ ಸಾರ್, ಮನೆಗೆ ಬಂದ ನೆಂಟರ ಹಾಗೆ. ಮೂರನೇ ಗಂಟೆಗೆ ಹೇಳ್ತೀನಿ."

ಮೂರನೇ ಗಂಟೆಗೆ ಅವರಿಗೆ ಗೊತ್ತಾಗುತ್ತಿದ್ದುದು ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ಯಾಡು ಓಲೆಯ ತಿರುಪನ್ನು ಒತ್ತಿ ಕಿವಿಯ ಹಿಂದೆ ಕೆಂಪಗಾಗುವುದು, ಒಳಗೆ ಬೆವರುವುದು, 'ಸ' ಎಂಬ ಅಕ್ಷರ ಸೀಟಿ ಹೊಡೆಯಲು ಶುರುಮಾಡುವುದು, ಕತ್ತು ತಾನಾಗಿ ಬಾಗುವುದು. ಎಲ್ಲವನ್ನೂ ಗಂಟೆಯ ಲೆಕ್ಕದಲ್ಲಿ ಕಾರ್ಡಿಗೆ ಬರೆಯುತ್ತಿದ್ದರು.

ಸದ್ದಿನ ಪರೀಕ್ಷೆಗೆ ಅವರದೇ ಒಂದು ಸ್ಪೂಲ್ ಟೇಪ್ ಇತ್ತು. ತಮ್ಮ ಕುರ್ಚಿಯ ಎರಡೂ ಬದಿಗೆ ಮೈಕ್ ಇಟ್ಟು, ಅದೇ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದರು. ಪಕ್ಕದ ಶೆಡ್ಡಿನ ಲೇತಿನ ಗುಂಯ್ ಸದ್ದು, ಪೇಪರ್ ಮಗುಚುವ ಸದ್ದು, ಆಮೇಲೆ ಬಲಗಡೆಯ ಬಾಗಿಲಲ್ಲಿ ಕಾಫಿ ತರುವ ತಾತನ ದನಿ: "ಅಮ್ಮಣ್ಣೀ, ಕಾಪಿ!" ಹೆಡ್‌ಫೋನ್ ಸರಿಯಾಗಿದ್ದರೆ ಕೇಳುವವರು ತಮಗೆ ಗೊತ್ತಿಲ್ಲದೆ ಬಾಗಿಲ ಕಡೆ ತಿರುಗಬೇಕು. ತಿರುಗಿದರೆ ಪಾಸು. ಇದು ಟೇಪು ಎಂದು ಗೊತ್ತಿದ್ದೂ ನಾವೆಲ್ಲ ತಿರುಗುತ್ತಿದ್ದೆವು. ತಾತ ನಿಜವಾಗಿ ಕಾಫಿ ತಂದಾಗ, "ಟೇಪಿನಾಗಿರೋನ್ಗೆ ಮರ್ವಾದೆ ಕೊಡ್ತೀರಿ, ನನ್ಗೆ ಯಾರೂ ತಿರುಗಾಕಿಲ್ಲ" ಎಂದು ಗೊಣಗುತ್ತಿದ್ದ.

ಆ ವರ್ಷ ನಗರದ ರೆಕಾರ್ಡಿಂಗ್ ಸ್ಟುಡಿಯೋ ಒಂದರವರು ಹತ್ತು ಸ್ಯಾಂಪಲ್ ಕೇಳಿದರು. ಅವರು ಒಪ್ಪಿದರೆ ನಮ್ಮ ವಿಭಾಗ ಉಳಿಯುತ್ತದೆ. ಒಪ್ಪದಿದ್ದರೆ ಬರೀ ಟ್ರಾನ್ಸ್‌ಫಾರ್ಮರ್ ಸಾಕು, ನಾವು ಆರು ಜನ ಮನೆಗೆ. ಇದನ್ನು ಇಂಜಿನಿಯರ್ ಸಾರ್ ಮುಚ್ಚಿಡದೆ ಹೇಳಿದ್ದರು.

ಹತ್ತಕ್ಕೂ ಪ್ಯಾಡ್ ಅಂಟಿಸುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂತು. ಕಿವಿಯ ಮೇಲೆ ಕೂರುವ ಬಟ್ಟಲುಗಳ ಹಿಂಬದಿ ನೋಡಿದರೆ ಬರೀ ಜಾಲರಿ, ಆರಪಾರ ತೂತು. ಪೀಣ್ಯದ ಧೂಳೆಲ್ಲ ಒಳಗೆ ಹೋಗುವ ಹಾಗಿತ್ತು. ಇಷ್ಟು ಬೆಲೆಯ ವಸ್ತುವಿನ ಬೆನ್ನು ಮುಚ್ಚುವುದನ್ನು ಯಾರೋ ಮರೆತಿದ್ದಾರೆ ಅಂದುಕೊಂಡೆ. ದಪ್ಪ ಫೆಲ್ಟ್ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಜಾಲರಿಗೆ ಒಳಗಿನಿಂದ ನೀಟಾಗಿ ಗೋಂದು ಹಚ್ಚಿ ಅಂಟಿಸಿದೆ. ಹತ್ತು ಹೆಡ್‌ಫೋನ್, ಇಪ್ಪತ್ತು ಬಟ್ಟಲು. ಅಂಚು ಒಂದು ಕೂದಲಷ್ಟೂ ಆಚೀಚೆ ಆಗದ ಹಾಗೆ ಅಂಟಿಸಿದ್ದಕ್ಕೆ ಹೆಮ್ಮೆಯೂ ಆಗಿತ್ತು.

ಮರುದಿನ ಹನ್ನೊಂದಕ್ಕೆ ಸ್ಟುಡಿಯೋದವರು ಬರುವವರಿದ್ದರು. ಒಂಬತ್ತಕ್ಕೆ ಅಕ್ಕ ಒಂದನ್ನು ತಲೆಗೆ ಹಾಕಿಕೊಂಡು ಟೇಪು ಹಚ್ಚಿದರು. ತಾತ ಕೂಗುವ ಹೊತ್ತು ಬಂತು, ಹೋಯಿತು. ಅಕ್ಕ ತಿರುಗಲಿಲ್ಲ. ಇನ್ನೊಂದು ಹಾಕಿಕೊಂಡರು. ತಿರುಗಲಿಲ್ಲ.

"ತಾತ ಬಾಗಿಲಲ್ಲಿಲ್ಲ ಕಣ್ರೇ, ನನ್ನ ತಲೆಯೊಳಗೆ ಕೂತಿದಾರೆ. ಕೊಡದೊಳಗೆ ಮುಖ ಇಟ್ಕೊಂಡು ಕೂಗೋ ಹಾಗಿದೆ" ಎಂದು ಬಟ್ಟಲನ್ನು ತಿರುಗಿಸಿ ಬೆಳಕಿಗೆ ಹಿಡಿದರು. "ಇದು ಯಾರ ಕೈಕೆಲಸ? ಬಹಳ ಚೆನ್ನಾಗಿ ಅಂಟಿಸಿದಾರೆ."

"ನಾನೇ ಅಕ್ಕ. ಧೂಳು ಹೋಗುತ್ತೆ ಅಂತ..." ಅಂದೆ. ಅಷ್ಟರಲ್ಲಿ ಇಂಜಿನಿಯರ್ ಸಾರ್ ಬಂದರು.

"ಯಾರಮ್ಮ ಹೇಳಿದ್ದು ನಿಂಗೆ ಮುಚ್ಚು ಅಂತ? ಎಲ್ಲಾ ಹಾಳು ಮಾಡ್ಬಿಟ್ಯಲ್ಲ!"

"ಬೈದ್ರೆ ಬಟ್ಟೆ ಕಿತ್ಕೊಂಡು ಬರಲ್ಲ ಸಾರ್, ಚಿಮಟ ತನ್ನಿ" ಎಂದರು ಅಕ್ಕ. "ಆ ತೂತು ಯಾಕಿದೆ ಅಂತ ಇವಳಿಗೆ ಹೇಳಬೇಕಾಗಿದ್ದೋಳು ನಾನು. ಹೇಳಿಲ್ಲ. ನನ್ನ ತಪ್ಪು ಅಂತ ಬರ್ಕೊಳ್ಳಿ."

ಎಲ್ಲರೂ ಚಿಮಟ ಹಿಡಿದು ಕೂತರು. ಅಕ್ಕ ಮಾತ್ರ ಅಂಥ ಅವಸರದಲ್ಲೂ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೊದಲು ಬಟ್ಟೆ ಇದ್ದ ಹೆಡ್‌ಫೋನ್, ಆಮೇಲೆ ಬಟ್ಟೆ ಕಿತ್ತ ಹೆಡ್‌ಫೋನ್ ಹಾಕಿ ಅದೇ ಟೇಪು ಕೇಳಿಸಿದರು. ಎರಡನೆಯದರಲ್ಲಿ ನನ್ನ ಕತ್ತು ಬಾಗಿಲ ಕಡೆ ತಿರುಗಿತು.

"ಗೊತ್ತಾಯ್ತಾ? ಸದ್ದಿಗೂ ಹಿತ್ತಿಲ ಬಾಗಿಲು ಬೇಕು ಕಣೇ. ಇಲ್ಲದಿದ್ರೆ ಒಳಗೇ ಗೋಡೆಗೆ ಬಡ್ಕೊಂಡು ವಾಪಸ್ ಬಂದು ಕಿವಿ ತುಂಬಿಬಿಡುತ್ತೆ."

ಹನ್ನೊಂದಕ್ಕೆ ಎಂಟು ಸಿದ್ಧವಾಗಿದ್ದವು. ಸ್ಟುಡಿಯೋದಿಂದ ಬಂದವರು ದಪ್ಪ ಕನ್ನಡಕದ ಮನುಷ್ಯ, ಮಾತು ಕಡಿಮೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. ಟೇಪು ಓಡಿತು. ಇದ್ದಕ್ಕಿದ್ದಂತೆ ಬಾಗಿಲ ಕಡೆ ಕೈ ಅಡ್ಡ ಮಾಡಿ, "ಬೇಡಪ್ಪ, ಈಗ ತಾನೇ ಕುಡ್ದೆ" ಎಂದರು. ಕಣ್ಣು ಬಿಟ್ಟು ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ. ನಾವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ಅವರೂ ನಕ್ಕರು.

ಆಗ ಅಕ್ಕ ಇದೇ ಮಾದರಿಯ ಹಿಂದಿನ ಪರೀಕ್ಷೆಯ ತಮ್ಮ ಕಾರ್ಡನ್ನು ಅವರ ಮುಂದಿಟ್ಟರು. ಇಂಜಿನಿಯರ್ ಸಾರ್ ಬೇಡವೆಂದು ಕಣ್ಸನ್ನೆ ಮಾಡಿದರೂ ಇಟ್ಟರು. ಅದರಲ್ಲಿ, 'ಕನ್ನಡಕ ಹಾಕುವವರಿಗೆ ಎರಡನೇ ಗಂಟೆಯಿಂದ ಕಿವಿಯ ಮೇಲ್ಭಾಗ ನೋಯುತ್ತದೆ' ಎಂದಿತ್ತು. ಆತ ಅದನ್ನು ಎರಡು ಸಲ ಓದಿದರು.

"ಮಾರೋರೇ ಹೀಗೆ ಬರ್ದಿದ್ದು ನಾನು ನೋಡಿಲ್ಲ. ಎಂಟನ್ನೂ ತಗೊಂಡು ಹೋಗ್ತೀನಿ. ಈ ನೋವು ಹೋದ ದಿನ ಹೇಳಿ, ಆಮೇಲೆ ದೊಡ್ಡ ಆರ್ಡರ್ ಮಾತಾಡೋಣ."

ವಿಭಾಗ ಉಳಿಯಿತು. ಮರುವಾರದಿಂದ ಅಕ್ಕ ನನ್ನನ್ನು ತಮ್ಮ ಬೆಂಚಿಗೇ ಕೂರಿಸಿಕೊಂಡರು. "ಅಷ್ಟು ನೀಟಾಗಿ ತಪ್ಪು ಮಾಡೋಳು ಸರಿ ಕೆಲ್ಸಾನೂ ನೀಟಾಗೇ ಮಾಡ್ತಾಳೆ ಸಾರ್" ಎಂದು ಶಿಫಾರಸು ಮಾಡಿದರಂತೆ.

ಕನ್ನಡಕದ ನೋವು ಮಾತ್ರ ಬೇಗ ಹೋಗಲಿಲ್ಲ. ಪ್ಯಾಡಿನ ಸ್ಪಂಜು ಬದಲಾಯಿತು, ಪಟ್ಟಿಯ ಬಿಗಿ ಬದಲಾಯಿತು. ಬಿಗಿ ಕಮ್ಮಿಯಾದರೆ ತಗ್ಗಿನ ಸ್ವರಗಳು ಸೋರಿಹೋಗುತ್ತಿದ್ದವು. ಮೂರು ವರ್ಷ ಹೀಗೇ ನಡೆಯಿತು. ಸ್ಟುಡಿಯೋದವರ ಚಿಕ್ಕಪುಟ್ಟ ಆರ್ಡರಿನಲ್ಲೇ ನಾವು ದಿನ ತಳ್ಳಿದೆವು. ಅಷ್ಟರಲ್ಲಿ ಅಕ್ಕನಿಗೆ ಕಾಯಿಲೆಯಾಯಿತು. ಕೆಲಸಕ್ಕೆ ಬರುವುದು ನಿಂತಿತು.

ಕನ್ನಡಕದ ಕಡ್ಡಿ ಕೂರುವಷ್ಟು ಜಾಗ ಬಿಟ್ಟು ಹೊಲಿದ ಹೊಸ ಪ್ಯಾಡು ಬಂದಾಗ ಅದರ ಮೊದಲ ಹೆಡ್‌ಫೋನನ್ನು ಅವರ ಮನೆಗೆ ತೆಗೆದುಕೊಂಡು ಹೋದೆ. ದಿಂಬಿಗೆ ಒರಗಿಸಿ ತಲೆಗೆ ಹಾಕಿದೆ. ಪಟ್ಟಿ ಆ ಹಳೆಯ ದಾರಿಯ ಮೇಲೆ ಸರಿಯಾಗಿ ಕೂತಿತು. ಸ್ವಲ್ಪ ಹೊತ್ತಿಗೆ ಅವರೇ ತೆಗೆದರು. ಕೂರುವ ಶಕ್ತಿ ಇರಲಿಲ್ಲ.

"ಚೆನ್ನಾಗಿದೆ ಅನ್ಸುತ್ತೆ. ಆದ್ರೆ ಇದು ಮೊದಲನೇ ಗಂಟೆ ಮಾತು ಕಣೇ" ಎಂದು ತಮ್ಮ ಕನ್ನಡಕ ತೆಗೆದು ನನ್ನ ಕೈಯಲ್ಲಿಟ್ಟರು. "ಇದನ್ನ ಹಾಕ್ಕೊಂಡು ಕೂತ್ಕೋ. ಮೂರನೇ ಗಂಟೆ ನೀನು ನೋಡ್ಕೋ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರ ಕನ್ನಡಕ ಹಾಕಿ, ಅದರ ಮೇಲೆ ಹೆಡ್‌ಫೋನ್ ಹಾಕಿ ಕೂತೆ. ಅವರ ಪವರಿಗೆ ಕೋಣೆಯೆಲ್ಲ ಮಬ್ಬಾಗಿ ಕಂಡಿತು. ಟೇಪನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ಕೇಳಿದೆ. ಎರಡನೇ ಗಂಟೆ ಕಳೆಯಿತು, ನೋವಿಲ್ಲ. ಬಲಗಡೆಯಿಂದ "ಅಮ್ಮಣ್ಣೀ" ಎಂದಿತು. ತಿರುಗಿದೆ. ಎಷ್ಟು ಸ್ಪಷ್ಟವಾಗಿದೆ ಎಂದು ಖುಷಿಯಿಂದ ಕಾರ್ಡಿನಲ್ಲಿ ಸರಿ ಗುರುತು ಹಾಕಿದೆ. 'ಕಾಪಿ' ಎಂಬ ಮಾತು ಬರಲೇ ಇಲ್ಲ. ಕನ್ನಡಕ ತೆಗೆದು ನೋಡಿದರೆ ಬಾಗಿಲಲ್ಲಿ ತಾತ ನಿಂತಿದ್ದ. ಕೈಯಲ್ಲಿ ಲೋಟ ಇರಲಿಲ್ಲ.

"ಅಕ್ಕಾವ್ರು ಓಗ್ಬುಟ್ರಂತೆ ಕಣವ್ವಾ" ಎಂದ.

ಹನ್ನೆರಡು ದಿನಕ್ಕೆ ನಾನು ಆ ಕುರ್ಚಿಗೆ ಮರಳಿದೆ. ಕನ್ನಡಕ ಹಿಂದಿರುಗಿಸಲು ಹೋದಾಗ ಅಕ್ಕನ ಮಗಳು, "ಅಮ್ಮ ನಿಮಗೇ ಕೊಟ್ಟಿದ್ದು, ಇಟ್ಕೊಳ್ಳಿ" ಅಂದಿದ್ದಳು. ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಮುಂದುವರಿಸುವ ಹಾಗಿಲ್ಲ. ಅದು ಅಕ್ಕನ ಕಟ್ಟುನಿಟ್ಟು. ಒಂಬತ್ತಕ್ಕೆ ಮೊದಲಿನಿಂದ ಶುರುಮಾಡಿದೆ. ಹನ್ನೆರಡು ಗಂಟೆಗೆ ಹೊಸ ಕಾರ್ಡಿನಲ್ಲಿ 'ಮೂರನೇ ಗಂಟೆ: ನೋವಿಲ್ಲ' ಎಂದು ಬರೆದು, ಅವರು ಸಹಿ ಹಾಕುತ್ತಿದ್ದ ಜಾಗದಲ್ಲಿ ನನ್ನ ಸಹಿ ಹಾಕಿದೆ. ಆ ಕಾರ್ಡಿನ ಮೇಲೆ ದೊಡ್ಡ ಆರ್ಡರ್ ಬಂತು. ಈಗ ವಿಭಾಗದಲ್ಲಿ ಹದಿನಾಲ್ಕು ಜನ ಇದ್ದೇವೆ.

ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಆ ತೂತುಗಳು ಯಾಕಿವೆ ಎಂದು ಹೇಳುತ್ತೇನೆ. ಆಮೇಲೆ ಡ್ರಾಯರಿನಿಂದ ಅಕ್ಕನ ಕನ್ನಡಕ ತೆಗೆದು ಕೊಟ್ಟು, ಹೆಡ್‌ಫೋನ್ ಹಾಕಿ ಕೂರಿಸುತ್ತೇನೆ. ಐದು ನಿಮಿಷಕ್ಕೇ ಮುಖ ಅರಳಿಸಿ, "ತುಂಬಾ ಚೆನ್ನಾಗಿದೆ ಅಕ್ಕ" ಅನ್ನುತ್ತಾರೆ. ನಾನು ಗೋಡೆಯ ಗಡಿಯಾರ ತೋರಿಸುತ್ತೇನೆ.