ಗಿಣಿ ಕೇಳಿದ ನೀರು

ದೆವ್ವ, ಶಕುನ, ಹಲ್ಲಿ ಲೊಚಗುಟ್ಟುವುದು, ಇವನ್ನೆಲ್ಲ ಆಡಿಕೊಂಡು ನಗುತ್ತಿದ್ದವನು ನಾನು. ಈಗಲೂ ಅವನ್ನು ನಂಬುತ್ತೇನೆ ಎಂದು ಹೇಳಲಾರೆ. ಆದರೆ ಮೊದಲಿನ ಹಾಗೆ ನಗುವುದಕ್ಕೂ ಆಗುವುದಿಲ್ಲ. ಅದಕ್ಕೆ ಕಾರಣವಾದ ಒಂದು ಭಾನುವಾರದ ಸಂಗತಿಯನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಮದ್ದೂರಿನಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ಡಾಕ್ಟರಿಗೆ ಹಸು ಎಮ್ಮೆ ನೋಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಯಾರಾದರೂ ಗಿಣಿ ತಂದರೆ ನನ್ನ ಕಡೆ ಕೈ ತೋರಿಸುತ್ತಿದ್ದರು. ಗದ್ದೆಯಲ್ಲಿ ಕವಣೆ ಕಲ್ಲಿನ ಏಟು ತಿಂದವು, ಬೆಕ್ಕಿನ ಬಾಯಿಂದ ಬಿಡಿಸಿಕೊಂಡವು, ಗಿಣಿಶಾಸ್ತ್ರ ಹೇಳುವವರು ಮುದಿಯಾಯಿತೆಂದು ಬಿಟ್ಟುಹೋದವು, ಹೀಗೆ ಎಲ್ಲವೂ ಬರುತ್ತಿದ್ದವು. ಮುರಿದ ರೆಕ್ಕೆಗೆ ಪೊರಕೆಕಡ್ಡಿ ಇಟ್ಟು ಬಟ್ಟೆ ಸುತ್ತಿ ಮನೆಗೆ ಒಯ್ಯುತ್ತಿದ್ದೆ. ನನ್ನ ಹೆಂಡತಿ ಶಾರದೆ ನೆನೆಸಿದ ಕಡಲೆ, ಸೀಬೆಹಣ್ಣು ತಿನ್ನಿಸಿ ಸಾಕುತ್ತಿದ್ದಳು. ಹಾರಬಲ್ಲವನ್ನು ಹಾರಲು ಬಿಡುತ್ತಿದ್ದೆವು, ಉಳಿದವು ನಮ್ಮಲ್ಲೇ ಇರುತ್ತಿದ್ದವು. ಅವುಗಳ ಕಿರುಚಾಟಕ್ಕೆ ಪಕ್ಕದಲ್ಲೇ ಇದ್ದ ಮನೆ ಮಾಲೀಕರು ಗೋಡೆ ಗುದ್ದುತ್ತಿದ್ದರು. ಬೀದಿಯಲ್ಲಿ ಸಿಕ್ಕಾಗಲೆಲ್ಲ ಮನೆ ಖಾಲಿ ಮಾಡಿ ಎನ್ನುತ್ತಿದ್ದರು.

ಒಂದು ದಿನ ಚಿಕ್ಕತಾಯಮ್ಮ ಎಂಬ ಮುದುಕಿ ಆಸ್ಪತ್ರೆಗೆ ಬಂದಳು. ಕೊಪ್ಪದಿಂದಾಚೆ ಒಂದು ಹಳ್ಳಿಯವಳು, ಊರಿನ ಹೆಸರು ಬೇಡ. ಬಸ್‌ಸ್ಟ್ಯಾಂಡಿನಿಂದ ಬಿರಬಿರನೆ ನಡೆದು ಬಂದಿದ್ದಳು. ಸೆರಗು ಸರಿಸಿದಾಗ ಒಳಗೆ ಒಂದು ಗಿಣಿ ಇತ್ತು. ಬೆನ್ನಿನ ಪುಕ್ಕವೆಲ್ಲ ಉದುರಿ ಚರ್ಮ ಕೆಂಪಗೆ ಬೆಂದಿತ್ತು.

"ಕಾದ ನೀರ್ ಎರಚವ್ನೆ ಕಣಪ್ಪ, ನನ್ ಮಗ. ಕಿರುಚ್ತದೆ ಅಂತ" ಎಂದಳು. "ಮೊದ್ಲು ಚೆಂದಾಗ್ ಮಾತಾಡ್ತಿತ್ತು. ಸುಟ್ ಮ್ಯಾಕೆ ಬಾಯೇ ಬುಟ್ಟಿಲ್ಲ. ನಮ್ಮನೇಲಿದ್ರೆ ಸಾಯಿಸ್ಬುಡ್ತಾರೆ. ನೀನೇ ಮಡಿಕೋ."

"ನಿಮ್ಮನ್ನು ಚೆನ್ನಾಗಿ ನೋಡ್ಕೊಳ್ತಾರಾ?" ಎಂದು ಕೇಳಿದೆ.

"ನಂದೇನ್ ಬುಡು" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟುಬಿಟ್ಟಳು. ಹೋಗುವಾಗ ಗಿಣಿಯ ಕಡೆ ತಿರುಗಿ ನೋಡಲಿಲ್ಲ.

ಗಾಯ ಮಾಯಲು ತಿಂಗಳು ಹಿಡಿಯಿತು. ಶಾರದೆ ದಿನಾ ಬೆಣ್ಣೆ ಸವರುತ್ತಿದ್ದಳು. ಗಿಣಿ ತಿನ್ನುತ್ತಿತ್ತು, ಕುಡಿಯುತ್ತಿತ್ತು, ಆದರೆ ಒಂದು ಸದ್ದೂ ಮಾಡುತ್ತಿರಲಿಲ್ಲ. ಗಂಡಸರು ಹತ್ತಿರ ಬಂದರೆ ಮಾತ್ರ ಪಂಜರದ ಮೂಲೆಗೆ ಸರಿದು ಅಲ್ಲೇ ಅಂಟಿಕೊಳ್ಳುತ್ತಿತ್ತು. ಆ ಊರಿನವರು ಯಾರೂ ಈ ನಡುವೆ ನಮ್ಮ ಮನೆಗೆ ಬರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅದು ಬಂದು ಎರಡು ತಿಂಗಳಾಗಿದ್ದಾಗ ಆ ಭಾನುವಾರ ಬಂತು. ಮಧ್ಯಾಹ್ನ ಊಟ ಮುಗಿಸಿ ಮಲಗಿದ್ದೆ. ಹಿತ್ತಲ ಕಡೆಯಿಂದ ಯಾರೋ ಹೆಂಗಸು ಕರೆದ ಹಾಗಾಯಿತು. ಎದ್ದು ಹೋದರೆ ಶಾರದೆ ಪಂಜರದ ಮುಂದೆ ನಿಂತಿದ್ದಳು. ಮಾತಾಡುತ್ತಿದ್ದುದು ಗಿಣಿ. ಗಿಣಿಯ ಕೀಚಲು ಗಂಟಲಲ್ಲ, ಸಾಕ್ಷಾತ್ ಚಿಕ್ಕತಾಯಮ್ಮನ ದನಿ.

"ನಿಂಗಾ, ಕಾಲ್ ಆಡಾಕಿಲ್ಲ ಕಣ್ಲಾ. ಒಸಿ ನೀರ್ ಕೊಡ್ಲಾ."

ಶಾರದೆ ಬಟ್ಟಲು ತುಂಬಿಸಿ ಇಟ್ಟಳು. ಗಿಣಿ ಅದರ ಕಡೆ ನೋಡಲೂ ಇಲ್ಲ. ಮತ್ತೆ ಅದೇ ಮಾತು. ಉಸಿರು ಎಳೆದುಕೊಂಡು, ಒಂದೊಂದೇ ಪದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಗೋಡೆಯಾಚೆ ಮಾಲೀಕರು ಗುದ್ದತೊಡಗಿದರು. "ನಿದ್ದೆ ಮಾಡಕ್ ಬುಡ್ತೀರೋ ಇಲ್ವೋ?" ಎಂದು ಕೂಗಿದರು.

"ನಂಗ್ಯಾಕೋ ಚೆನ್ನಾಗ್ ಕಾಣ್ತಿಲ್ಲ ರೀ. ಒಂದ್ಸಲ ಹೋಗಿ ಆ ಅಜ್ಜೀನ ನೋಡ್ಕೊಂಡ್ ಬನ್ನಿ" ಎಂದಳು ಶಾರದೆ.

ನನಗೆ ನಿದ್ದೆ ಕೆಟ್ಟ ಸಿಟ್ಟು. "ಗಿಣಿ ಮಾತ್ ಕೇಳ್ಕೊಂಡು ಬಸ್ ಹತ್ಲಾ? ಅಲ್ಲಿದ್ದಾಗ ಕಲ್ತಿದ್ದನ್ನ ಈಗ ಒದರ್ತಿದೆ" ಎಂದು ರೇಗಿದೆ. ಪಂಜರದ ಮೇಲೆ ಗೋಣಿಚೀಲ ಎಳೆದು ಬಂದು ಮಲಗಿದೆ. ಚೀಲದ ಒಳಗಿನಿಂದಲೂ ಆ ದನಿ ಕೇಳುತ್ತಲೇ ಇತ್ತು, ಬರಬರುತ್ತಾ ಸಣ್ಣದಾಗಿ. ದೀಪ ಹಚ್ಚುವ ಹೊತ್ತಿಗೆ ನಿಂತಿತು. ಚೀಲ ತೆಗೆದು ನೋಡಿದರೆ ಗಿಣಿ ಎಂದಿನಂತೆ ಕಡಲೆ ತಿನ್ನುತ್ತಿತ್ತು.

ಬುಧವಾರ ಆ ಊರಿನವನೊಬ್ಬ ಎಮ್ಮೆಗೆ ಔಷಧ ಕೇಳಿಕೊಂಡು ಆಸ್ಪತ್ರೆಗೆ ಬಂದ. ಚಿಕ್ಕತಾಯಮ್ಮ ಹೇಗಿದ್ದಾಳೆ ಎಂದು ಕೇಳಿದೆ.

"ಅಯ್ಯೋ, ಓಗ್ಬುಟ್ಲು ಸ್ವಾಮಿ. ಬಾನ್ವಾರ ದೀಪ ಅಚ್ಚೋ ಒತ್ಗೆ" ಎಂದ.

ಕೈಯಲ್ಲಿದ್ದ ಔಷಧದ ಸೀಸೆಯನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟೆ. ಮರುದಿನ ರಜೆ ಹಾಕಿ ಆ ಊರಿಗೆ ಹೋದೆ. ಏನು ಕೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಮಗ ನಿಂಗಣ್ಣ ಜಗಲಿಯ ಮೇಲೆ ಕೂತಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೂತುಕೊಳ್ಳಿ ಎಂದು ಇಬ್ಬರೂ ಹೇಳಲಿಲ್ಲ.

"ವಯಸ್ಸಾಗಿತ್ತು, ಓದ್ಲು. ನಿಮ್ಗೇನಾಗ್ಬೇಕಿತ್ತು?" ಎಂದ.

"ಅಮ್ಮನಿಗೆ ಕಾಲು ಆಡ್ತಿರಲಿಲ್ವಾ?"

ನನ್ನ ಬಾಯಿಂದ ಇನ್ನೊಂದು ಮಾತೂ ಬಂದುಹೋಯಿತು.

"ಭಾನುವಾರ ನೀರು ಕೇಳಿದ್ರಾ?"

ನಿಂಗಣ್ಣ ಎದ್ದು ನಿಂತ. "ಯಾವನ್ಲಾ ನಿಂಗೆ ಯೋಳ್ದೋನು?"

"ಯೋಳ್ದೋರು ಬಂದ್ ಬಳೀಬೇಕಿತ್ತು!" ಎಂದು ಬಾಗಿಲಲ್ಲಿದ್ದವಳು ಕಿರುಚಿದಳು. "ಕಣದಲ್ಲಿ ಜಾರಿ ಬಿದ್ದು ಇಪ್ಪತ್ ದಿನ ಮಲ್ಗಿದ್ಲು. ನೀರ್ ಕೊಟ್ಟಂಗೆಲ್ಲ ಆಸ್ಗೆ ಒದ್ದೆ ಮಾಡ್ತಿದ್ಲು. ಯಾರ್ ಬಳ್ಯೋರು?"

"ಬಾಯ್ ಮುಚ್ಚೇ!" ಎಂದು ಅವನು ಅವಳ ಮೇಲೆ ಹರಿಹಾಯ್ದ. ಆಮೇಲೆ ನನ್ನ ಕೊರಳಪಟ್ಟಿ ಹಿಡಿದು ಜಗಲಿಯಿಂದ ಕೆಳಕ್ಕೆ ನೂಕಿದ. ಮೊಣಕೈ ತರಚಿ ರಕ್ತ ಬಂತು. ಬೀದಿಯಲ್ಲಿ ಏಳೆಂಟು ಜನ ಸೇರಿದ್ದರು. ಯಾರೂ ನನ್ನನ್ನು ಎಬ್ಬಿಸಲಿಲ್ಲ. "ನಮ್ಮೂರ್ ಇಸ್ಯ ನಿಮ್ಗ್ಯಾಕ್ ಸ್ವಾಮಿ? ಸುಮ್ನೆ ಬಸ್ ಅತ್ತಿ" ಎಂದ ಒಬ್ಬ ಹಿರಿಯ. ಕೊಪ್ಪದ ದಾರಿ ಹಿಡಿಯುವವರೆಗೂ ಇಬ್ಬರು ಹಿಂದೆಯೇ ಬಂದರು, ದನ ಅಟ್ಟುವ ಹಾಗೆ.

ಹತ್ತು ದಿನ ಬಿಟ್ಟು ನಿಂಗಣ್ಣ ನಮ್ಮ ಮನೆ ಹುಡುಕಿಕೊಂಡು ಬಂದ. "ಯೋಳ್ದೋರ್ ಎಸ್ರು ಬೇಕು. ಅದ್ ತಿಳೀದೆ ಓಗಾಕಿಲ್ಲ" ಎಂದು ಹೊಸ್ತಿಲಿಗೆ ಅಡ್ಡ ನಿಂತ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿ ಹಿತ್ತಲಿಗೆ ಕರೆದುಕೊಂಡು ಹೋದೆ. ಅವನು ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಗಿಣಿ ಮೂಲೆಗೆ ಸರಿದು ನಡುಗುತ್ತಿತ್ತು.

"ಮಾತಾಡ್ಲಾ" ಎಂದ. ಬೆರಳಿನಿಂದ ಕಂಬಿ ಬಡಿದ. "ಮಾತಾಡ್ಲಾ, ಕೇಳಾನ."

ಅದು ಬಾಯಿ ಬಿಡಲಿಲ್ಲ. ಅವನು ಬಹಳ ಹೊತ್ತು ಹಾಗೆಯೇ ಕೂತಿದ್ದ. ಎದ್ದಾಗ ಅವನ ಮುಖದಲ್ಲಿ ಸಿಟ್ಟಿತ್ತೋ ಹೆದರಿಕೆಯಿತ್ತೋ ಹೇಳಲಾರೆ. "ಸುಳ್ ಯೋಳ್ತಿದೀಯ. ನಮ್ ಮನೆ ಮಾನ ತಗೀಬೇಕು ಅಂತ ಯಾರೋ ಮಾಡ್ಸವ್ರೆ" ಎಂದು ನೆಲಕ್ಕೆ ಉಗಿದು ಹೋದ. ಮತ್ತೆ ಅವನನ್ನು ನಾನು ನೋಡಲಿಲ್ಲ.

ಪೊಲೀಸರಿಗೆ ಹೇಳಬಹುದಿತ್ತು. ಏನೆಂದು ಹೇಳಲಿ? ಗಿಣಿ ಸಾಕ್ಷಿ ಎಂದೇ? ನನಗೆ ವರ್ಗವಾಗುವವರೆಗೆ, ಅಂದರೆ ಇನ್ನೂ ನಾಲ್ಕು ವರ್ಷ, ಅದು ನಮ್ಮೊಂದಿಗೇ ಇತ್ತು. ನಾವು ಊರು ಬಿಡುವ ಮೊದಲೇ ವಯಸ್ಸಾಗಿ ಸತ್ತಿತು. ಅದರ ಬಾಯಿಂದ ಮತ್ತೊಂದು ಮಾತು ಬರಲಿಲ್ಲ.

ಹಿಂದೆಂದೋ ಮುದುಕಿ ನೀರು ಕೇಳಿದ್ದನ್ನು ಕಲಿತಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಗಿಣಿಯನ್ನು ನನ್ನ ಕೈಗಿಟ್ಟ ದಿನ ಅವಳ ಕಾಲು ನೆಟ್ಟಗಿತ್ತು. ಅವಳು ಬಿದ್ದದ್ದು ಆಮೇಲೆ. ಹದಿನೈದು ಮೈಲಿ ಆಚೆ ಒಣಗಿದ ಗಂಟಲಿನ ಮಾತು ನಮ್ಮ ಹಿತ್ತಲಿಗೆ ಯಾವ ದಾರಿಯಿಂದ ಬಂತು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿದದ್ದು ಒಂದೇ. ಆ ಭಾನುವಾರ ಮೂರು ಗಂಟೆಗೆ ಕೊಪ್ಪದ ಬಸ್ಸು ನಮ್ಮ ಬೀದಿ ತುದಿಯಲ್ಲಿ ನಿಂತು ಎರಡು ಸಲ ಹಾರನ್ ಹೊಡೆಯಿತು. ನನಗೆ ಎಚ್ಚರವಿತ್ತು. ನಾನು ಮಗ್ಗುಲು ಬದಲಿಸಿದೆ.